ಗೆರೆಯ ಮೇಲೆ ನಿಂತವರು

ಕಳೆದ ವಾರ ನಮ್ಮೂರಿನ ಹಿರಿಯರೊಬ್ಬರು ನನ್ನ ಮೇಲೆ ಹರಿಹಾಯ್ದರು. ನಾನು ಮಾಡಿದ ಅಪರಾಧ ಏನು ಅಂತೀರಾ? ಕಾಗದದ ಮೇಲೆ ಅವರ ಮಗನ ಚುಕ್ಕೆಯನ್ನು ಎದುರು ಮನೆಯವರ ಚುಕ್ಕೆಯ ಪಕ್ಕದಲ್ಲಿ ಇಟ್ಟಿದ್ದೆ.

"ಅವ್ರ ಕೂಡ ಮಾತು ಬಿಟ್ಟು ಮೂರು ವರ್ಷ ಆಯ್ತು ವಾತ್ಯಾರೆ. ನಮ್ಮ ಚುಕ್ಕಿ ಎತ್ತಿ ಒಸಿ ದೂರ ಮಡಗು," ಅಂದರು.

(ವಾತ್ಯಾರು ಅಂದರೆ ಮೇಷ್ಟ್ರು. ಇನ್ನೂರು ವರ್ಷ ತಮಿಳರ ನಡುವೆ ಬದುಕಿದರೆ ಮೇಷ್ಟ್ರಿಗೆ ಆಗುವ ಗತಿ ಇದು.)

ಚುಕ್ಕೆಯನ್ನು ನಾನು ಕೂರಿಸುವುದಿಲ್ಲ, ವಯಸ್ಸು ಕೂರಿಸುತ್ತದೆ ಎಂದು ವಿವರಿಸಿದೆ. ಎರಡು ಮನೆಯ ಹುಡುಗರಿಗೂ ಒಂದೇ ವಯಸ್ಸು, ಹುಡುಗಿಯರಿಗೆ ಒಂದು ವರ್ಷದ ಅಂತರ. ಪಕ್ಕಪಕ್ಕ ಕೂರದೆ ಇನ್ನೆಲ್ಲಿ ಕೂತಾರು? ಅವರು ಒಪ್ಪಲಿಲ್ಲ. ನನ್ನ ಗಣಿತದ ಮೇಲೆ ನಂಬಿಕೆ ಇಲ್ಲವೆಂದಲ್ಲ, ಎದುರು ಮನೆಯವರ ಮೇಲೆ ಸಿಟ್ಟಿತ್ತು. ಆ ಸಿಟ್ಟಿನಲ್ಲೇ ಎದ್ದು ಹೋಗಿ ಅರಳಿಮರದ ಕಟ್ಟೆಯ ಆ ತುದಿಯಲ್ಲಿ ಕೂತರು.

ಈ ಅಂಕಣ ಓದುವವರಿಗೆ ನನ್ನ ಪಾಡು ಗೊತ್ತೇ ಇದೆ. ನಾನು ದಿಂಡಿಗಲ್ಲಿನ ಒಂದು ಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೆಟ್ಟದ ಕೋಟೆ ಕಾಣುವ ಒಂದು ರೂಮಿನಲ್ಲಿ ಒಬ್ಬನೇ ಇದ್ದೇನೆ. ವಯಸ್ಸು ಮೂವತ್ತೊಂಬತ್ತು. ತರಗತಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಕನ್ನಡ ಆಡಬೇಕೆನ್ನಿಸಿದರೆ ಪಕ್ಕದ ಮನೆಯ ಬೆಕ್ಕಿನ ಜೊತೆ ಆಡುತ್ತೇನೆ. ಅದು ಇದುವರೆಗೆ ತಪ್ಪು ಹುಡುಕಿಲ್ಲ.

ಇನ್ನು ಬರೆಯುವ ಕನ್ನಡ. ಮದರಾಸಿನಲ್ಲಿ ಓದುವಾಗ ಮೈಸೂರಿನ ಗೆಳೆಯನೊಬ್ಬ ಅಕ್ಷರ ಕಲಿಸಿದ. ಹಾಗಾಗಿ ನಾನು ಬರೆದದ್ದು ಮೈಸೂರು ಸೀಮೆಯ ನಿಮಗೆ ಅರ್ಥವಾಗುತ್ತದೆ, ಕಂಬಂ ಕಣಿವೆಯಲ್ಲಿರುವ ನನ್ನ ಸ್ವಂತ ಜನಕ್ಕೆ ಅರ್ಥವಾಗುವುದಿಲ್ಲ. ಅವರು ಕನ್ನಡ ಆಡುತ್ತಾರೆ, ಓದುವುದು ತಮಿಳು. ನನ್ನನ್ನು ಓದುವವರು ಯಾರೂ ನನ್ನ ದನಿ ಕೇಳಿಲ್ಲ, ದನಿ ಕೇಳಿದವರು ಯಾರೂ ನನ್ನನ್ನು ಓದುವುದಿಲ್ಲ. ಇಂಥ ಲೇಖಕ ಇನ್ನೊಬ್ಬ ಇದ್ದರೆ ದಯವಿಟ್ಟು ಕಾಗದ ಬರೆಯಲಿ, ಇಬ್ಬರೂ ಸೇರಿ ಅಳೋಣ.

ಪೊಂಗಲ್ ರಜೆಗೆ ಮುಂಚೆ ಊರಿನಿಂದ ಒಂದು ಕಾರ್ಡು ಬಂತು. ಬರೆಸಿದವರು ನಮ್ಮ ಊರಗೌಡರು. ಮಾತು ಕನ್ನಡ, ಅಕ್ಷರ ತಮಿಳು. "ಮುರೆ ಜಗಳ ಜಾಸ್ತಿ ಆಗಿದೆ. ನೀ ಲೆಕ್ಕ ಕಲಿತವನು. ಬಂದು ಓಗು," ಎಂದಿತ್ತು.

ಮುರೆ ಅಂದರೆ ಹಕ್ಕು. ನಮ್ಮವರಲ್ಲಿ ಸೋದರತ್ತೆಯ ಮಗಳ ಮೇಲೆ ಹುಡುಗನಿಗೆ ಹುಟ್ಟಿನಿಂದಲೇ ಹಕ್ಕು. ಅವಳು ಅವನಿಗಿಂತ ದೊಡ್ಡವಳಾದರೂ ಸರಿಯೇ, ಹಕ್ಕು ಹಕ್ಕೇ. ಬೇರೆ ಯಾರಾದರೂ ಅವಳನ್ನು ಕೇಳಬೇಕೆಂದರೆ ಮೊದಲು ಅವನು ಬಿಟ್ಟುಕೊಡಬೇಕು. ಊರ ಕೂಟದಲ್ಲಿ ಕರಿ ಕಂಬಳಿ ಹಾಸಿ, ತಂಬಿಗೆ ನೀರಿಗೆ ಬೇವಿನ ಸೊಪ್ಪು ಹಾಕಿ ಇಡುತ್ತಾರೆ. ಹುಡುಗ ಆ ಕಂಬಳಿಯ ಮುಂದೆ ನಿಂತು ಒಂದು ಕಡ್ಡಿ ಮುರಿದರೆ ಅವಳಿಗೆ ಬಿಡುಗಡೆ. ಹುಡುಗಿ ಕಡ್ಡಿ ಮುರಿಯುವ ಹಾಗಿಲ್ಲ. ಯಾಕೆ ಅಂತ ಕೇಳಬೇಡಿ, ನಾನೂ ಕೇಳಿರಲಿಲ್ಲ.

ಈ ವರ್ಷ ಹೊಸ ಅಣೆಕಟ್ಟಿನಿಂದ ಮಲೆಯ ಆಚೆಯ ನೀರು ಕಣಿವೆಗೆ ಇಳಿದಿದೆ. ಎರಡು ಬೆಳೆಯ ಆಸೆ ಹುಟ್ಟಿದೆ. ಹೊಟ್ಟೆ ತಣ್ಣಗಾದರೆ ಜನಕ್ಕೆ ಮದುವೆಯ ನೆನಪಾಗುತ್ತದಲ್ಲ, ಮನೆಮನೆಯಲ್ಲೂ ಕಲ್ಯಾಣದ ಮಾತು ಎದ್ದು ಹಳೆಯ ಮುರೆಗಳೆಲ್ಲ ಒಟ್ಟಿಗೆ ತಲೆ ಎತ್ತಿದ್ದವು. ದೊಡ್ಡ ಹುಡುಗಿ, ಚಿಕ್ಕ ಹುಡುಗ. ಅವನು ಬೆಳೆಯುವವರೆಗೆ ಇವಳು ಕಾಯಬೇಕು. ಇಂಥ ಮುರೆಗೆ ಒಂದು ಮಿತಿ ಹಾಕಲೇಬೇಕೆಂದು ಕೂಟ ಸೇರಿತ್ತು. ಮಿತಿ ಮೂರು ವರ್ಷ ಸಾಕು ಎಂದು ಹೆಣ್ಣಿನ ಕಡೆಯವರು. ಒಂಬತ್ತು ಎಂದು ಗಂಡಿನ ಕಡೆಯವರು. ಗೌಡರು ಎರಡನ್ನೂ ಕೂಡಿಸಿ ಅರ್ಧ ಮಾಡಿ, "ಆರು ವರ್ಷ. ಮುಗೀತು," ಅಂದಿದ್ದರು.

ಮುಗಿಯಲಿಲ್ಲ. ಇಪ್ಪತ್ತೆರಡು ಮನೆಯವರು ಬಂದು ನಮ್ಮದು ಹೇಗೆ, ನಮ್ಮದು ಏನು ಎಂದು ಗೌಡರ ಜೀವ ತಿಂದರು. ಆಮೇಲೆ ಹೋದದ್ದೇ ಆ ಕಾರ್ಡು.

ಎತ್ತಿನ ಬಂಡಿಯಲ್ಲಿ ಪೆರಿಯಕುಳಂ, ತೇನಿ ದಾಟಿ ಹನುಮಂತನಪಟ್ಟಿಯ ಹತ್ತಿರದ ನಮ್ಮೂರು ಸೇರುವಷ್ಟರಲ್ಲಿ ಸೊಂಟ ಎರಡು ತುಂಡಾಗಿತ್ತು. ನನ್ನ ಕಂಕುಳಲ್ಲಿ ದೊಡ್ಡದೊಂದು ಸುರುಳಿ ಇತ್ತು. ನಾಲ್ಕು ಕಾಗದಗಳನ್ನು ಗಂಜಿಯಲ್ಲಿ ಅಂಟಿಸಿ, ನಾನೇ ಕೆಂಪು ಶಾಯಿಯಲ್ಲಿ ಚೌಕ ಚೌಕ ಗೆರೆ ಹಾಕಿದ್ದೆ. ಇಪ್ಪತ್ತೆರಡು ಜಗಳವನ್ನು ಒಂದೇ ಕಾಗದದ ಮೇಲೆ ತೋರಿಸಿಬಿಟ್ಟರೆ ಬಾಯಿ ಮುಚ್ಚುತ್ತಾರೆ ಎಂಬುದು ನನ್ನ ಅಂದಾಜು. (ಮೇಷ್ಟ್ರುಗಳ ಅಂದಾಜು ಸರಿಯಾಗಿದ್ದ ದಿನ ನನಗೆ ತಿಳಿಸಿ.)

ಕಟ್ಟೆಯ ಮೇಲೆ ಕಾಗದ ಹರಡಿ ಶುರು ಮಾಡಿದೆ. ನೀವೂ ನೋಡಿ, ಕಷ್ಟವಿಲ್ಲ. ಅಡ್ಡ ಗೆರೆಯ ಮೇಲೆ ಹುಡುಗನ ವಯಸ್ಸು, ನೆಟ್ಟಗೆ ನಿಂತ ಗೆರೆಯ ಮೇಲೆ ಹುಡುಗಿಯ ವಯಸ್ಸು. ಹುಡುಗನ ವಯಸ್ಸಿನಷ್ಟು ಬಲಕ್ಕೆ ನಡೆಯಿರಿ, ಹುಡುಗಿಯ ವಯಸ್ಸಿನಷ್ಟು ಮೇಲಕ್ಕೆ ಹತ್ತಿ. ಅಲ್ಲೊಂದು ಚುಕ್ಕೆ. ಒಂದು ಜೋಡಿಗೆ ಒಂದು ಚುಕ್ಕೆ.

ಈಗ ಗೌಡರ ಆರು ವರ್ಷ. ಹುಡುಗ ಸೊನ್ನೆ, ಹುಡುಗಿ ಆರು. ಅಲ್ಲೊಂದು ಗುರುತು. ಹುಡುಗ ಹತ್ತು, ಹುಡುಗಿ ಹದಿನಾರು. ಇನ್ನೊಂದು ಗುರುತು. ಎರಡನ್ನೂ ಸೇರಿಸಿ ಎಳೆದರೆ ಗೆರೆ. ಇಡೀ ಕಾಗದ ಎರಡು ಪಾಲಾಯಿತು. ಒಂದು ಕಡೆ ಹಕ್ಕು ಇದೆ, ಇನ್ನೊಂದು ಕಡೆ ಇಲ್ಲ.

"ಯಾವ ಕಡೆ ಇದೆ, ಯಾವ ಕಡೆ ಇಲ್ಲ? ಎಂಗೆ ಗೊತ್ತು?" ಗೌಡರು ಕೇಳಿದರು. ಒಳ್ಳೆಯ ಪ್ರಶ್ನೆ. ನನ್ನ ಮೆಟ್ರಿಕ್ಯುಲೇಶನ್ ತರಗತಿಯಲ್ಲಿ ಯಾರೂ ಕೇಳುವುದಿಲ್ಲ.

ಯಾರಾದರೂ ಒಬ್ಬರನ್ನು ಕೇಳಿದರೆ ಸಾಕು ಎಂದೆ. ಮೂಲೆಯಲ್ಲಿ ಸೊನ್ನೆ ವಯಸ್ಸಿನ ಹುಡುಗ, ಸೊನ್ನೆ ವಯಸ್ಸಿನ ಹುಡುಗಿ. ಇಬ್ಬರೂ ತೊಟ್ಟಿಲಲ್ಲಿ. ವ್ಯತ್ಯಾಸ ಆರಕ್ಕಿಂತ ಕಡಿಮೆಯೇ? ಹೌದು. ಹಾಗಾದರೆ ಹಕ್ಕು ಇದೆ. ಅವರಿರುವ ಬದಿಯೆಲ್ಲ ಹಾಗೆಯೇ. ಆ ಬದಿಗೆ ನೀಲಿ ಬಳಿದೆ. ಒಂದು ಬದಿಯವರೆಲ್ಲ ಒಬ್ಬರ ಮಾತಿಗೆ ಕಟ್ಟುಬೀಳುತ್ತಾರೆ ಎಂಬುದು ಹಿರಿಯರಿಗೆ ಬಹಳ ಹಿಡಿಸಿತು. ಕೂಟದಲ್ಲಿ ಹೀಗೆ ಎಂದೂ ಆಗಿರಲಿಲ್ಲ.

ಆದರೆ ನಾನು ಒಂದು ತಪ್ಪು ಮಾಡಿದ್ದೆ.

ಕಾಲೇಜಿನಲ್ಲಿ ನನಗೆ ಕಲಿಸಿದ್ದು ಹೀಗೆ: ಗೆರೆಗೆ ಉದ್ದವಿದೆ, ಅಗಲವಿಲ್ಲ. ಅದರ ಮೇಲೆ ಸರಿಯಾಗಿ ಬಂದು ನಿಲ್ಲುವವರು ಅಪರೂಪ. ಆ ಧೈರ್ಯದಲ್ಲಿ ಗೆರೆಯ ಮೇಲಿನವರ ಗತಿ ಏನು ಎಂದು ಗೌಡರನ್ನು ಕೇಳಿರಲೇ ಇಲ್ಲ. ಆದರೆ ನಮ್ಮೂರಿನಲ್ಲಿ ಯಾರು ತಾನೇ ಹುಟ್ಟಿದ ದಿನ ಬರೆದಿಟ್ಟಿದ್ದಾರೆ? ತಾಯಂದಿರಿಗೆ ನೆನಪಿರುವುದು ಸಂವತ್ಸರ ಮಾತ್ರ. ಧಾತು ವರ್ಷದ ಬರದಲ್ಲಿ ಹುಟ್ಟಿದವಳು, ಚಿತ್ರಭಾನುವಿನಲ್ಲಿ ಹುಟ್ಟಿದವನು. ಬೆರಳು ಮಡಿಸಿ ಎಣಿಸಿದರೆ ಸರಿಯಾಗಿ ಆರು. ದಿನವಿಲ್ಲ, ತಿಂಗಳಿಲ್ಲ, ಇಡೀ ಇಡೀ ವರ್ಷಗಳು. ನನ್ನ ಅಗಲವಿಲ್ಲದ ಗೆರೆಯ ಮೇಲೆ ಐದು ಚುಕ್ಕೆಗಳು ಬಂದು ಸಾಲಾಗಿ ಕೂತವು.

ಇದು ನಮ್ಮೂರಿನ ಕಷ್ಟ ಮಾತ್ರವೇ? ಹತ್ತು ಗಂಟೆಯೊಳಗೆ ಬನ್ನಿ ಎಂದು ಕಚೇರಿಯವರು ಬರೆಯುತ್ತಾರೆ. ಸರಿಯಾಗಿ ಹತ್ತಕ್ಕೆ ಬಂದವನು ಒಳಗೋ ಹೊರಗೋ? ನಿಯಮ ಮಾಡುವವರು ನಡುವೆ ಗೆರೆ ಎಳೆದು ಕೈ ತೊಳೆದುಕೊಳ್ಳುತ್ತಾರೆ, ಗೇಟಿನಲ್ಲಿ ನಿಂತ ಜವಾನ ಅಂದು ಬೆಳಿಗ್ಗೆ ಹೆಂಡತಿಯ ಕೈಯಲ್ಲಿ ಬೈಸಿಕೊಂಡಿದ್ದಾನೋ ಇಲ್ಲವೋ ಎನ್ನುವುದರ ಮೇಲೆ ನಿಮ್ಮ ಹಣೆಬರಹ. ಗಣಿತದಲ್ಲಿ ಇದಕ್ಕೊಂದು ಮರ್ಯಾದೆಯ ದಾರಿ ಇದೆ. ಗೆರೆಯ ಮೇಲಿನವರೂ ಸೇರಿದರೆ ಗೆರೆಯನ್ನು ಗಟ್ಟಿಯಾಗಿ ಎಳೆಯಬೇಕು. ಸೇರದಿದ್ದರೆ ತುಂಡು ತುಂಡಾಗಿ. ನಾನು ಎಳೆದದ್ದು ಪೆನ್ಸಿಲಿನಲ್ಲಿ, ಗಟ್ಟಿಯೂ ಅಲ್ಲ, ತುಂಡೂ ಅಲ್ಲ.

"ಇವ್ರು ಐದು ಜನ ಎಲ್ಲಿಗೆ ಸೇರಿದ್ರು?" ಗೌಡರು ಕೇಳಿದರು.

ನಾಳೆ ಹೇಳುತ್ತೇನೆ ಎಂದೆ. ಅವರು ಕಾಗದವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಒಂದು ಚುಕ್ಕಿ ಕಮ್ಮಿ ಇದೆಯಲ್ಲ ವಾತ್ಯಾರೆ," ಅಂದರು.

ಕಮ್ಮಿ ಇದ್ದದ್ದು ನನ್ನದು.

ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ನನಗೆ ಹದಿನೈದು, ಅತ್ತೆಯ ಮಗಳು ಬೊಮ್ಮಿಗೆ ಇಪ್ಪತ್ತೊಂದು. ಮದುವೆ ಎಂದರು. ನಾನು ಪುಸ್ತಕದ ಗಂಟು ಕಟ್ಟಿಕೊಂಡು ದಿಂಡಿಗಲ್ಲಿಗೆ ಓಡಿದೆ. ಓಡಿದ್ದು ತಪ್ಪಲ್ಲ ಎಂದು ಈಗಲೂ ಅನ್ನುತ್ತೇನೆ. ತಪ್ಪು ಆಮೇಲಿನದು. ತಿರುಗಿ ಬಂದು ಕಡ್ಡಿ ಮುರಿಯಲಿಲ್ಲ. ಮೊದಲು ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಪರೀಕ್ಷೆ, ಆಮೇಲೆ ಬರೀ ಸೋಮಾರಿತನ. ಅಪ್ಪ ಹೋದಾಗ ಬಂದೆ, ಅವ್ವ ಹೋದಾಗ ಬಂದೆ, ಮೂರನೆಯ ದಿನ ಬಂಡಿ ಹತ್ತಿದೆ. ಅವಳ ಬೀದಿಗೆ ಕಾಲಿಡಲಿಲ್ಲ. ನಾನೂ ಮದುವೆಯಾಗಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ. ಹೇಗೆ ಕೇಳಿಯಾರು? ಹಕ್ಕು ನನ್ನ ಹೆಸರಿನಲ್ಲಿತ್ತಲ್ಲ.

ಚುಕ್ಕೆ ಇಟ್ಟೆ. ಮೂವತ್ತೊಂಬತ್ತು, ನಲವತ್ತೈದು. ಕಾಗದದ ಮೇಲಿನ ತುದಿಯಲ್ಲಿ, ಬೇರೆಲ್ಲ ಚುಕ್ಕೆಗಳಿಂದ ದೂರ, ಗೆರೆಯ ಮೇಲೆ ಸರಿಯಾಗಿ ಬಂದು ಕೂತಿತು.

ಅವತ್ತು ರಾತ್ರಿ ನಿದ್ದೆಗೆಟ್ಟು ಆ ಕಾಗದ ನೋಡುತ್ತಾ ಕೂತಿದ್ದೆ. ವರ್ಷ ಕಳೆದರೆ ಚುಕ್ಕೆಗಳಿಗೆ ಏನಾಗುತ್ತದೆ? ಹುಡುಗನಿಗೆ ಒಂದು ವರ್ಷ ಕೂಡುತ್ತದೆ, ಹುಡುಗಿಗೂ ಒಂದು. ಒಂದು ಚೌಕ ಬಲಕ್ಕೆ, ಒಂದು ಚೌಕ ಮೇಲಕ್ಕೆ. ಅಂದರೆ ಗೆರೆಯ ಮೇಲೆ ನಿಂತವರು ಗೆರೆಯ ಉದ್ದಕ್ಕೇ ನಡೆಯುತ್ತಾರೆ. ಆ ಕಡೆ ಬೀಳುವುದಿಲ್ಲ, ಈ ಕಡೆಯೂ ಬೀಳುವುದಿಲ್ಲ. ನಾವಿಬ್ಬರೂ ಹದಿನೈದು-ಇಪ್ಪತ್ತೊಂದರಿಂದ ಇಲ್ಲಿಯವರೆಗೆ ಹಾಗೆಯೇ ನಡೆದು ಬಂದಿದ್ದೆವು, ನಾನು ದಿಂಡಿಗಲ್ಲಿನಲ್ಲಿ, ಅವಳು ಇಲ್ಲಿ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಗೆರೆಯನ್ನು ಗಟ್ಟಿಯಾಗಿ ಎಳೆಯಬೇಕೆಂದು ನನಗೆ ಆಸೆ ಇತ್ತು. ಗಟ್ಟಿ ಎಳೆದರೆ ನನ್ನ ಹಕ್ಕು ಉಳಿಯುತ್ತದೆ. ಈ ಲೋಕದಲ್ಲಿ ಒಬ್ಬರ ಬಾಗಿಲಿಗೆ ಹೋಗಿ ನಾನು ನಿನ್ನವನು ಎನ್ನಲು ನನಗೆ ಇದ್ದದ್ದು ಅದೊಂದೇ ಆಧಾರ. ರೂಮಿನಲ್ಲಿ ಜ್ವರ ಬಂದು ಮಲಗಿದಾಗಲೆಲ್ಲ ನಾನು ನೆನೆದದ್ದು ಅದನ್ನೇ: ಕಣಿವೆಯಲ್ಲಿ ಒಬ್ಬಳು ನನಗಾಗಿ ಕಾಯುತ್ತಿದ್ದಾಳೆ. ನಾಚಿಕೆಯಾಗುತ್ತಿತ್ತು, ಹಿತವೂ ಆಗುತ್ತಿತ್ತು. ಹಿತವೇ ಹೆಚ್ಚು.

ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಕೆಂಚಮ್ಮ ಸಿಕ್ಕಳು. ಐದು ಚುಕ್ಕೆಗಳಲ್ಲಿ ಒಂದು ಅವಳದು. ವಯಸ್ಸು ಹತ್ತೊಂಬತ್ತು. ಅವಳ ಮೇಲೆ ಹಕ್ಕಿರುವ ಮಾವನ ಮಗನಿಗೆ ಹದಿಮೂರು, ಅವನು ಇನ್ನೂ ಗೋಲಿಯಾಟ ಬಿಟ್ಟಿಲ್ಲ. ಬೋಡಿಮೆಟ್ಟಿನ ಏಲಕ್ಕಿ ತೋಟದಲ್ಲಿ ಮೇಸ್ತ್ರಿಯಾಗಿರುವ ನಮ್ಮವನೇ ಒಬ್ಬ ಅವಳನ್ನು ಕೇಳಿದ್ದಾನೆ, ಅವಳಿಗೂ ಮನಸ್ಸಿದೆ ಎಂದು ಊರಿಗೆಲ್ಲ ಗೊತ್ತು.

ಕೊಡ ಇಳಿಸಿ ಕೇಳಿದಳು. "ವಾತ್ಯಾರೆ, ನಾ ಗೆರೆ ಮ್ಯಾಲೆ ಅವ್ನಿ ಅಂದ್ರು. ನಿಜವಾ?"

"ಊಂ ಕಣಮ್ಮ."

"ಅಲ್ಲಿ ಎಷ್ಟು ದಿನ ನಿಂತ್ಕಂಡಿರದು?"

ಉತ್ತರಕ್ಕೆ ಅವಳು ಕಾಯಲಿಲ್ಲ. ಕೊಡ ತುಂಬಿಸಿ ಸೊಂಟಕ್ಕೆ ಏರಿಸಿಕೊಂಡು ಹೋದಳು.

ಮಧ್ಯಾಹ್ನ ಕೂಟ. ಕಂಬಳಿ ಹಾಸಿತ್ತು, ತಂಬಿಗೆಯಲ್ಲಿ ಬೇವಿನ ಸೊಪ್ಪಿತ್ತು. ಹೆಂಗಸರು ಎಂದಿನಂತೆ ಗೋಡೆಯ ಆಚೆ. ನಾನು ರಬ್ಬರು ತೆಗೆದುಕೊಂಡು ಪೆನ್ಸಿಲ್ ಗೆರೆಯನ್ನು ಅಲ್ಲಲ್ಲಿ ಅಳಿಸುತ್ತಾ ಬಂದೆ. ಅಳಿಸಿದ ಕಡೆ ಬಿಟ್ಟು, ಉಳಿದ ತುಂಡುಗಳ ಮೇಲೆ ಶಾಯಿ ತಿದ್ದಿದೆ. ಕೊನೆಯ ತುಂಡು ಸೊಟ್ಟಗಾಯಿತು.

"ಗೆರೆ ಮ್ಯಾಲೆ ಇರೋರು ಮುರೆಗೆ ಸೇರಲ್ಲ. ಐದು ಜನಕ್ಕೂ ಬುಡುಗಡೆ," ಅಂದೆ.

"ಐದಾ, ಆರಾ?" ಗೌಡರು ಕೇಳಿದರು.

"ಆರು."

ಗಂಡಿನ ಕಡೆಯವರು ಸ್ವಲ್ಪ ಹೊತ್ತು ಗೊಣಗಿದರು. ಕಾಗದದ ಜೊತೆ ವಾದ ಮಾಡುವುದು ಹೇಗೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ಗೌಡರು, ಹಳೆಯ ಶಾಸ್ತ್ರ ಬಿಡುವುದು ಬೇಡ ಎಂದು ಆರು ಕಡೆಯವರಿಗೂ ಒಂದೊಂದು ಕಡ್ಡಿ ಕೊಟ್ಟರು. ಹದಿಮೂರರ ಹುಡುಗ ಖುಷಿಯಿಂದ ಪಟಕ್ಕೆಂದು ಮುರಿದು ಗೋಲಿ ಆಡಲು ಓಡಿದ. ನಾನು ಕೊನೆಯವನು. ಒಣಗಿದ ಜೋಳದ ಕಡ್ಡಿ. ಮುರಿಯಲು ಏನೂ ಕಷ್ಟವಾಗಲಿಲ್ಲ, ಅದೇ ನನಗೆ ಕಷ್ಟವಾಯಿತು.

ಸಂಜೆಗೆ ಬಂಡಿ ಗೊತ್ತು ಮಾಡಿ, ಓಡಿಹೋದ ಮೇಲೆ ಮೊದಲ ಸಲ ಬೊಮ್ಮಿಯ ಬೀದಿಗೆ ನಡೆದೆ. ಎರಡು ಮಾತು ಕಟ್ಟಿಕೊಂಡಿದ್ದೆ. ಒಂದು ಕ್ಷಮೆ. ಇನ್ನೊಂದು ಪ್ರಶ್ನೆ. ಹಕ್ಕು ಹೋಯಿತು, ಸರಿ, ಹಕ್ಕಿಲ್ಲದವನು ಕೇಳಬಾರದು ಅಂತ ಎಲ್ಲಿದೆ? ಮೂವತ್ತೊಂಬತ್ತು, ನಲವತ್ತೈದು. ದಿಂಡಿಗಲ್ಲಿನಲ್ಲಿ ಇನ್ನೂ ಸ್ವಲ್ಪ ದೊಡ್ಡ ರೂಮು ಸಿಗುತ್ತದೆ.

ಬೊಮ್ಮಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಏಲಕ್ಕಿ ಆಯುತ್ತಿದ್ದಳು. ಬೋಡಿಯ ವ್ಯಾಪಾರಿಗಳು ಮೂಟೆ ಕಳಿಸುತ್ತಾರೆ, ಇವಳು ಒಡೆದದ್ದು, ಬಿಳಿಚಿದ್ದು, ದಪ್ಪದ್ದು ಬೇರೆ ಮಾಡಿ ಕೊಡುತ್ತಾಳೆ. ತಲೆ ಅರ್ಧ ನರೆತಿತ್ತು. ಅವಳನ್ನು ಏನೆಂದು ಕರೆಯಬೇಕೋ ತಿಳಿಯದೆ ಬಾಗಿಲಲ್ಲಿ ನಿಂತು ಕೆಮ್ಮಿದೆ.

"ಬಾ ವಾತ್ಯಾರೆ. ಸೇತಿ ಬಂತು," ಅಂದಳು. ಸುದ್ದಿ ನನಗಿಂತ ಮುಂಚೆ ತಲುಪಿತ್ತು.

ಕೂತೆ. ಕೂಟದಲ್ಲಿ ಸಲೀಸಾಗಿ ಬಂದಿದ್ದ ಊರಮಾತು ಇಲ್ಲಿ ಬಾಯಲ್ಲಿ ತಡವರಿಸಿತು. "ನನ್ನಿಂದ ನಿಂಗೆ ಅನ್ಯಾಯ ಆಯ್ತು. ಇಷ್ಟು ವರ್ಷ ನಂಗೋಸ್ಕರ ಕಾದೆ."

ಅವಳ ಕೈ ನಿಂತಿತು. "ಯಾರು ಕಾದದ್ದು?"

"ನೀನು."

"ಕಾದೆ. ಸುಳ್ಳು ಯೋಳಲ್ಲ, ನಾಕು ವರ್ಷ ಕಾದೆ. ಒಂದೊಂದು ಪೊಂಗಲಿಗೂ ನೀ ಬರ್ತೀಯ, ಕಂಬಳಿ ಮುಂದೆ ನಿಂತು ಕಡ್ಡಿ ಮುರಿತೀಯ ಅಂತ ಕಾದೆ." ಒಂದು ಏಲಕ್ಕಿ ಎತ್ತಿ ನೋಡಿ ಒಡಕಿನ ಗುಡ್ಡೆಗೆ ಹಾಕಿದಳು. "ಬೋಡಿಲಿ ಒಬ್ರು ಇದ್ರು. ಅವ್ರೂ ಕಾದ್ರು. ನೀ ಬರ್ನಿಲ್ಲ. ಅವ್ರಿಗೆ ಬ್ಯಾರೆ ಕಡೆ ಕಲ್ಯಾಣ ಆಯ್ತು."

"ಒಂದು ಕಾಗದ ಬರೆಸಿದ್ರೆ ಬರ್ತಿದ್ದೆನಲ್ಲ," ಅಂದೆ.

"ಎರಡು ಬರೆಸಿದೆ. ಓದ್ನಿಲ್ವಾ?"

ಓದಿದ್ದೆ. ಉತ್ತರ ಬರೆಯದೆ ಮಡಿಸಿ ಪುಸ್ತಕದೊಳಗೆ ಇಟ್ಟಿದ್ದೆ. ಬಾ ಎಂದು ಬರೆಸಿದ್ದಳು, ಯಾಕೆ ಎಂದು ಬರೆಸಿರಲಿಲ್ಲ. ಯಾಕೆ ಎಂಬುದನ್ನು ನಾನೇ ತುಂಬಿಕೊಂಡಿದ್ದೆ.

"ಓಗ್ಲಿ ಬುಡು. ಈವಾಗ ನಂಗೆ ಅದು ನೋವಿಲ್ಲ," ಅಂದಳು. ನನ್ನ ಮುಖದಲ್ಲಿ ಏನು ಕಂಡಳೋ, ದನಿ ಸ್ವಲ್ಪ ಮೆತ್ತಗಾಯಿತು. "ಆ ಕೆಂಚಿನ ಬುಟ್ಟೆಯಲ್ಲ, ಅದು ಒಳ್ಳೇದು ಮಾಡ್ದೆ. ಕಂಬು ಕೂಳು ಐತೆ. ಉಂಡ್ಕಂಡು ಓಗು."

ಆ ಸಜ್ಜೆಯ ಅನ್ನ ಉಂಡೆ. ಕಟ್ಟಿಕೊಂಡು ಹೋಗಿದ್ದ ಪ್ರಶ್ನೆಯನ್ನು ಕೇಳಲಿಲ್ಲ. ಇನ್ನು ಕೇಳಲು ಏನಿತ್ತು? ಅವಳು ಎದುರಿಗೆ ಕೂತು ಆಯುತ್ತಲೇ ಇದ್ದಳು, ಉಪ್ಪು ಸಾಕಾ ಎಂದು ಒಮ್ಮೆ ಕೇಳಿದಳು. ಸಾಕು ಎಂದೆ. ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಊರಮಾತಿನಲ್ಲೇ ನನಗೆ ಒಬ್ಬರು ಉಪ್ಪು ಸಾಕಾ ಎಂದು ಕೇಳಿದ್ದು ಅದೇ ಮೊದಲು.

ಈಗ ಮತ್ತೆ ದಿಂಡಿಗಲ್ಲಿನಲ್ಲಿದ್ದೇನೆ. ಸ್ಕೂಲು ಶುರುವಾಗಿದೆ. ಮಾಸಿ ತಿಂಗಳಲ್ಲಿ ಕೆಂಚಮ್ಮನ ಮದುವೆಯಂತೆ, ಕಾರ್ಡು ಬಂದಿದೆ. ಹೋಗುತ್ತೇನೆ. ಈ ರೂಮು ಮೊದಲಿಗಿಂತ ಚಿಕ್ಕದಾಗಿಲ್ಲ, ದೊಡ್ಡದಾಗಿದೆ, ಯಾಕೆಂದರೆ ಇಷ್ಟು ದಿನ ಇದರಲ್ಲಿ ನಾವಿಬ್ಬರು ಇದ್ದೇವೆ ಎಂದುಕೊಂಡಿದ್ದೆ.

ನಿಮಗಾಗಿಯೂ ಎಲ್ಲೋ ಯಾರೋ ಕಾಯುತ್ತಿರಬಹುದು. ನೀವು ಬರಲಿ ಎಂದೋ, ಬಂದು ಬಿಟ್ಟುಕೊಡಲಿ ಎಂದೋ, ಯಾವತ್ತಾದರೂ ಕೇಳಿದ್ದೀರಾ?